ಸಬ್ಬಸಗಿ ಬೀಜ ಕೇಳಿದ್ರ ಬಡೇಸೋಪು ಕೊಡ್ತಾರ, ಎರಡೂ ಒಂದ ಏನು?

ಕುಂಡದ ತೋಟ, ಧಾರವಾಡ
ಮಾಳಿಗಿ ಮ್ಯಾಲಿನ ಕುಂಡದಾಗ ಸಬ್ಬಸಗಿ ಹಾಕಬೇಕಾಗೇತಿ. ಕಿರಾಣಿ ಅಂಗಡ್ಯಾಗ "ಸಬ್ಬಸಗಿ ಬೀಜ" ಅಂದ್ರ ಬಡೇಸೋಪು ತೂಗತಾರ. ಬೀಜದ ಅಂಗಡ್ಯಾಗಿನ ಪಾಕೀಟಿನ ಮ್ಯಾಲ "ಸೋಯಾ" ಅಂತ ಬರದೈತಿ. ಅಂತರ್ಜಾಲದಾಗ ಹುಡುಕಿದ್ರ ಒಂದು ಕಡೆ ಎರಡಕ್ಕೂ ಶತಪುಷ್ಪ ಅಂತಾರ, ಇನ್ನೊಂದು ಕಡೆ ಎರಡಕ್ಕೂ ಸೋಂಪು ಅಂತಾರ. ಗಿಡ ಸಣ್ಣದಿದ್ದಾಗ ನೋಡಾಕೂ ಒಂದ ನಮೂನಿ. ಕಾಳು ನೋಡಿ ಗುರುತು ಹಿಡಿಯೂದು ಹೆಂಗ? ಶತಪುಷ್ಪ ಅಂದ್ರ ಯಾವುದು? ಕುಂಡದಾಗ ಬೆಳಿಯೂ ಕ್ರಮ ಏನು? ತಿಳದವರು ಹೇಳ್ರಿ.

ಕಿರಾಣಿ ಕಟ್ಟಿ, ಹುಬ್ಬಳ್ಳಿ
ಎರಡೂ ಬ್ಯಾರೆ ರೀ. ಸಬ್ಬಸಗಿ ನಮ್ಮ ಕಡೆ ತಪ್ಪಲಾಗಿ ಮಾರೂ ಮಾಲು, ಕಾಯಿಪಲ್ಲೆ ಸಂತಿದು. ಬಡೇಸೋಪು ಕಾಳಾಗಿ ಮಾರೂ ಮಾಲು, ಕಿರಾಣಿದು. ಬಡೇಸೋಪಿನ ತಪ್ಪಲಾನೂ ಯಾರೂ ಕೇಳಂಗಿಲ್ಲ, ಸಬ್ಬಸಗಿ ಕಾಳೂ ಯಾರೂ ಕೇಳಂಗಿಲ್ಲ. ಹಂಗಾಗಿ ಗಲ್ಲೆದಾಗ ಕುಂತ ಹುಡುಗ "ಸಬ್ಬಸಗಿ ಬೀಜ" ಅಂದಕೂಡ್ಲೆ ಕೈಗೆ ಸಿಕ್ಕಿದ್ದನ್ನ ತೂಗತಾನ.

ಗಿಡಮೂಲಿಕಿ ಅಂಗಡ್ಯಾಗ "ಬಾಳಂತಶೇಪ" ಅಂತ ಕೇಳಿ ನೋಡ್ರಿ. ಮರಾಠಿ ಹೆಸರು; ಬಾಣಂತ್ಯಾರಿಗೆ ಕೊಡೂ ಸಬ್ಬಸಗಿ ಕಾಳು ಅದು. ಮರಾಠ್ಯಾಗ ಶೇಪು ಅಂದ್ರ ಸಬ್ಬಸಗಿ, ಬಡೀಶೇಪ ಅಂದ್ರ ಬಡೇಸೋಪು. ಅಂದ್ರ ಅವರ ಹೆಸರಿನ್ಯಾಗನ ಬಡೇಸೋಪು "ದೊಡ್ಡ ಸಬ್ಬಸಗಿ" ಆಗಿ ಕುಂತೈತಿ. ನಮ್ಮಲ್ಲಿ ಕೆಲವರು ಅದನ್ನ "ಬಡೆಸೊಪ್ಪು" ಅಂತ ಬರದು ಕಾಳನ್ನ ಸೊಪ್ಪು ಮಾಡ್ಯಾರ.

ಪಾಕೀಟಿನ ಮ್ಯಾಲಿನ "ಸೋಯಾ" ಹಿಂದಿ ಹೆಸರು, ಸೋವಾ ಅಂತನೂ ಬರೀತಾರ. ಅದು ಸಬ್ಬಸಗೀನ ಐತಿ, ತಗೋರಿ. ಸೋಯಾಬೀನಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರ ಮುಂಗಾರಿ ಬಿತ್ತಗಿ ಹೊತ್ತಿನ್ಯಾಗ ಧಾರವಾಡ ಕಡೆ ಬರೇ "ಸೋಯಾ ಬೀಜ" ಅಂದ್ರ ಸೋಯಾಬೀನಿನ ಚೀಲಾನ ಹೊತ್ತು ತರತಾರ, ಹುಷಾರು.

ಸಸ್ಯಕೋಶ, ಧಾರವಾಡ
ಹೆಸರಿನ ಈ ಗೋಜಲು ನಮ್ಮ ಸಂತೆಯದ್ದಷ್ಟೇ ಅಲ್ಲ, ಸಸ್ಯಶಾಸ್ತ್ರದ ಪುಸ್ತಕದೊಳಗೂ ಇತ್ತು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದ: ಸಬ್ಬಸಿಗೆಗೆ ಅನೀಥಮ್ ಗ್ರೇವಿಯೊಲೆನ್ಸ್, ಬಡೇಸೋಪಿಗೆ ಅನೀಥಮ್ ಫೀನಿಕ್ಯುಲಮ್. ಫಿಲಿಪ್ ಮಿಲ್ಲರ್ 1768ರಲ್ಲಿ ಬಡೇಸೋಪನ್ನು ಫೀನಿಕ್ಯುಲಮ್ ವಲ್ಗೇರ್ ಎಂದು ಕರೆದ. ಆ ಹೆಸರೇ ಇಂದಿಗೂ ನಡೆದಿದೆ.

ಭಾರತದ ಸಬ್ಬಸಿಗೆಗೆ ಇನ್ನೊಂದು ಹೆಸರೂ ಸಿಗುತ್ತದೆ. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರೋ ಇದನ್ನು ಬೇರೆ ಪ್ರಭೇದವೆಂದು ಬಗೆದು, ಜನ ಕರೆಯುತ್ತಿದ್ದ ಸೋವಾ ಎಂಬುದನ್ನೇ ಲ್ಯಾಟಿನ್ ಹೆಸರಿಗೆ ಎತ್ತಿಕೊಂಡು ಅನೀಥಮ್ ಸೋವಾ ಎಂದಿಟ್ಟ. ಅದು ಜಾನ್ ಫ್ಲೆಮಿಂಗ್ 1810ರಲ್ಲಿ ಪ್ರಕಟಿಸಿದ ಔಷಧಿ ಸಸ್ಯಗಳ ಪಟ್ಟಿಯಲ್ಲಿ ಅಚ್ಚಾಯಿತು. ಈಗ ಹೆಚ್ಚಿನವರು ಅದನ್ನು ಬೇರೆ ಪ್ರಭೇದವೆಂದು ಎಣಿಸುವುದಿಲ್ಲ. ಅನೀಥಮ್ ಗ್ರೇವಿಯೊಲೆನ್ಸ್‌ನ ಸಮಾನಾರ್ಥಕ ಹೆಸರು ಎನ್ನುತ್ತಾರೆ, ಇಲ್ಲವೆ ಅದರ ಉಪಪ್ರಭೇದ ಮಾಡುತ್ತಾರೆ. ಆದರೆ ಔಷಧಿ ಪುಸ್ತಕಗಳಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ. ಆದ್ದರಿಂದ ಪಾಕೀಟಿನ ಮೇಲೆ ಗ್ರೇವಿಯೊಲೆನ್ಸ್ ಇದ್ದರೂ ಸರಿ, ಸೋವಾ ಇದ್ದರೂ ಸರಿ, ಒಳಗಿರುವುದು ಸಬ್ಬಸಿಗೆ. ಫೀನಿಕ್ಯುಲಮ್ ಇದ್ದರೆ ವಾಪಸ್ ಕೊಡಿ.

ಸಬ್ಬಸಿಗೆ, ಬಡೇಸೋಪು ಇಬ್ಬರೂ ಒಂದೇ ಮನೆತನದವರು. ಕುಟುಂಬದ ಹೆಸರು ಏಪಿಯೇಸಿ, ಹಳೆಯ ಹೆಸರು ಅಂಬೆಲಿಫೆರೆ. ನಾಮಕರಣದ ನಿಯಮದ ಪ್ರಕಾರ ಎರಡೂ ಸಿಂಧು. ಕೊತ್ತಂಬರಿ, ಜೀರಿಗೆ, ಅಜವಾನ, ಗಜ್ಜರಿ ಎಲ್ಲ ಇಲ್ಲಿಯವೇ. ಛತ್ರಿಯ ಕಡ್ಡಿಗಳ ಹಾಗೆ ಹೂಗೊಂಚಲು, ಎಲೆತೊಟ್ಟಿನ ಬುಡದಲ್ಲಿ ದಂಟನ್ನು ಅಪ್ಪಿಕೊಂಡ ಪೊರೆ, ಎರಡಾಗಿ ಸೀಳುವ ಒಣಹಣ್ಣು: ಈ ಮೂರು ಗುರುತು ಇಡೀ ಮನೆತನದವು.

ಕುಂಡದ ತೋಟ, ಧಾರವಾಡ
ಹಣ್ಣಾ? ನಾವು ಬೀಜ ಅಂತೀವಲ್ಲ?

ಸಸ್ಯಕೋಶ, ಧಾರವಾಡ
ಹೌದು, ಕಿರಾಣಿಯವರು ತೂಗುವ ಪ್ರತಿ ಕಾಳೂ ಒಂದು ಒಣಹಣ್ಣು, ಇಲ್ಲವೆ ಅದರ ಅರ್ಧ ಹೋಳು. ನಿಜವಾದ ಬೀಜ ಆ ಸಿಪ್ಪೆಯೊಳಗೆ ಅಂಟಿಕೊಂಡಿರುತ್ತದೆ. ಸಬ್ಬಸಿಗೆಯ ಹಣ್ಣು ಬಲಿತ ಮೇಲೆ ಎರಡು ಹೋಳಾಗಿ ಬಿಡುತ್ತದೆ. ಕೊತ್ತಂಬರಿ ಗುಂಡಾಗಿ ಕೂಡಿಕೊಂಡೇ ಇರುತ್ತದೆ. ಅದಕ್ಕೇ ಹವೀಜವನ್ನು ಬಿತ್ತುವ ಮೊದಲು ತಿಕ್ಕಿ ಎರಡು ಹೋಳು ಮಾಡುವುದು.

ಗುರುತಿಗೆ ಒಂದು ಬಿಳಿ ಕಾಗದದ ಮೇಲೆ ಹತ್ತು ಕಾಳು ಹರಡಿ, ಬೆಳಕಿಗೆ ಓರೆ ಮಾಡಿ ನೋಡಿ. ಸಬ್ಬಸಿಗೆ ಚಪ್ಪಟೆ, ಕಂದು ಬಣ್ಣ, ಉದ್ದ ಹೆಚ್ಚೆಂದರೆ ಅರ್ಧ ಸೆಂಟಿಮೀಟರು. ಎರಡೂ ಅಂಚಿಗೆ ತೆಳ್ಳನೆಯ ತಿಳಿಹಳದಿ ರೆಕ್ಕೆ, ಬೆನ್ನ ಮೇಲೆ ಮೂರು ಸಣ್ಣ ಗೆರೆ. ಆ ಅಂಚೇ ಮುಖ್ಯ ಗುರುತು. ಬಡೇಸೋಪಿಗೆ ರೆಕ್ಕೆ ಇಲ್ಲ. ಅದು ಉದ್ದ, ದಪ್ಪ, ಹಸಿರು ಮಿಶ್ರಿತ ಹಳದಿ. ಐದೂ ಏಣು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಎದ್ದು ಕಾಣುತ್ತವೆ. ಜೀರಿಗೆ ಎರಡೂ ತುದಿಗೆ ಚೂಪು, ಭೂತಗನ್ನಡಿಯಲ್ಲಿ ಸಣ್ಣ ಕೂದಲು ಕಾಣುತ್ತದೆ. ಅಜವಾನ ಇವೆಲ್ಲಕ್ಕಿಂತ ಸಣ್ಣದು, ಮೈಯೆಲ್ಲ ಗುಳ್ಳೆ ಗುಳ್ಳೆ.

ಒಂದು ಎಚ್ಚರಿಕೆ. ಇಂಗ್ಲಿಷ್ ಪುಸ್ತಕದ ಚಿತ್ರದಲ್ಲಿ ಸಬ್ಬಸಿಗೆಯ ರೆಕ್ಕೆ ಅಗಲವಾಗಿರುತ್ತದೆ. ಅದು ಯೂರೋಪಿನ ತಳಿ. ನಮ್ಮ ಸೋವಾದ ಕಾಳು ಅದಕ್ಕಿಂತ ಸಪೂರ, ಬೆನ್ನು ಉಬ್ಬು, ರೆಕ್ಕೆಯೂ ಕಿರಿದು. ಚಿತ್ರಕ್ಕೆ ಹೊಂದಲಿಲ್ಲ ಎಂದು ಒಳ್ಳೆಯ ಬೀಜ ಚೆಲ್ಲಬೇಡಿ.

ಎರಿಹೊಲ, ನವಲಗುಂದ
ಇಷ್ಟೆಲ್ಲಾ ನೋಡೂದು ಬ್ಯಾಡ್ರಿ. ಎರಡು ಕಾಳು ಹಲ್ಲಿಗೆ ಹಾಕ್ರಿ. ಸಿಹಿ ಬಂದ್ರ ಬಡೇಸೋಪು, ಖಾರ ಒಗರು ಕೂಡಿ ಮೂಗಿಗೆ ಹೊಡದ್ರ ಸಬ್ಬಸಗಿ.

ಸಸ್ಯಕೋಶ, ಧಾರವಾಡ
ಕಿರಾಣಿ ಕಾಳಿಗಾದರೆ ಸರಿ, ಬಿತ್ತನೆ ಪಾಕೀಟಿಗೆ ಬೇಡವೇ ಬೇಡ. ಪಾಕೀಟಿನ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದು. ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ್ದು ಕಂಡರಂತೂ ಬಾಯಿಗೆ ಹಾಕಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಅದು ಬಿಟ್ಟರೆ ನಿಮ್ಮ ಮೂಗಿನ ಪರೀಕ್ಷೆ ಗಟ್ಟಿ. ಬಡೇಸೋಪಿನ ಸಿಹಿವಾಸನೆ ಅನಿಥೋಲ್ ಎಂಬ ಅಂಶದ್ದು. ಹೆಸರು ಸಬ್ಬಸಿಗೆಯ ಕುಲದ ಹೆಸರಿನ ಹಾಗೆ ಕೇಳಿಸಿದರೂ ಸಬ್ಬಸಿಗೆಯ ವಾಸನೆ ಅದರದ್ದಲ್ಲ. ಸಬ್ಬಸಿಗೆ ಕಾಳಿನ ವಾಸನೆ ಕಾರ್ವೋನ್, ಲಿಮೊನೀನ್‌ಗಳದ್ದು. ನಮ್ಮ ತಳಿಯಲ್ಲಿ ಕಾರ್ವೋನ್ ಕಡಿಮೆ, ಡಿಲ್ಲಾಪಿಯೋಲ್ ಎಂಬುದು ಸೇರಿರುತ್ತದೆ. ಹಸಿ ಎಲೆಯ ವಾಸನೆ ಮತ್ತೆ ಬೇರೆ, ಅದರಲ್ಲಿ ಫೆಲಾಂಡ್ರೀನ್ ಹೆಚ್ಚು. ಹಾಗಾಗಿ ಎಲೆ ಇಲ್ಲದಾಗ ಕಾಳು ಪುಡಿ ಮಾಡಿ ಹಾಕಿದರೆ ಪಲ್ಯದ ರುಚಿ ಬರುವುದಿಲ್ಲ.

ಹಾವೇರಿ ಹಿಂಗಾರಿ
ಎಲಿ ಬಣ್ಣದ ಮ್ಯಾಲ ಗುರುತು ಹಿಡೀಬಹುದಲ್ಲ? ಸಬ್ಬಸಗಿ ನೀಲಿ ಹಸರು, ಬಡೇಸೋಪು ಅಚ್ಚ ಹಸರು.

ಎರಿಹೊಲ, ನವಲಗುಂದ
ಬಣ್ಣ ನಂಬಬ್ಯಾಡ್ರಿ. ಯೂರಿಯಾ ಜಾಸ್ತಿ ಬಿದ್ದ ಮಡಿಯಾಗ ಸಬ್ಬಸಗೀನೂ ಅಚ್ಚ ಹಸರು ಬರತೈತಿ, ನೀರು ನಿಂತಲ್ಲಿ ಹಳದಿ ಹೊಡೀತೈತಿ. ಬುಡ ನೋಡ್ರಿ. ಸಬ್ಬಸಗಿಗೆ ಬುಡದಿಂದ ಒಂದ ದಂಟು, ಬಲತಾಗ ಕತ್ತರಿಸಿದ್ರ ಒಳಗ ಟೊಳ್ಳು. ಬಡೇಸೋಪು ಬುಡದಿಂದ ನಾಕಾರು ದಂಟು ಒಡೀತೈತಿ, ಒಳಗ ಬೆಂಡು ತುಂಬಿರತೈತಿ, ಎಲಿಬುಡದ ಪೊರೀನೂ ಉದ್ದ. ಸಬ್ಬಸಗಿ ಕಾಳು ಬಿಟ್ಟು ಒಣಗಿ ಹೋಗತೈತಿ. ಬಡೇಸೋಪು ಕಾಳು ಕೊಯ್ದ ಮ್ಯಾಲೂ ಬುಡದಾಗ ಹೊಳ್ಳಿ ಚಿಗರತೈತಿ.

ಹೂವಿನ ಬಣ್ಣದಿಂದ ಇವೆರಡನ್ನ ಬ್ಯಾರೆ ಮಾಡಾಕ ಆಗಂಗಿಲ್ಲ, ಎರಡೂ ಹಳದಿ. ಬಿಳಿ ಹೂವು ಬಂದ್ರ ಕೊತ್ತಂಬರಿನೋ ಅಜವಾನೋ ಇರಬೇಕು.

ಸಂತ್ಯಾಗಿನ ಪೆಂಡಿ ತಗೊಳ್ಳೂ ಮುಂದ ಇನ್ನೊಂದು ನೋಡ್ರಿ. ಕಸ ತಗೀಲಾರದ ಹೊಲದ ಪೆಂಡಿಯಾಗ ಕಾಂಗ್ರೆಸ್ ಕಸದ ಸಣ್ಣ ಸಸಿ ಸಿಕ್ಕೊಂಡು ಬರತಾವ. ಅದರ ಎಲಿ ಸೀಳಿರತೈತಿ, ಆದ್ರ ಪಟ್ಟಿ ಪಟ್ಟಿ ಅಗಲ, ಮುಟ್ಟಿದ್ರ ಸುಂಕು ಸುಂಕು. ಸಬ್ಬಸಗಿ ಎಲಿ ದಾರದಂಗ, ನುಣುಪು. ಕಾಂಗ್ರೆಸ್ ಕಸ ಕೆಲವರ ಮೈಗೆ ತುರಿಕಿ ಎಬ್ಬಸತೈತಿ, ಪಲ್ಯಾಕ್ಕಂತೂ ಬೀಳಬಾರದು. ಪೆಂಡಿ ಬಿಚ್ಚಿ ಹರವಿ ನೋಡೇ ಹೆಚ್ಚಬೇಕು.

ತಪ್ಪಲ ಪಲ್ಯ, ಗದಗ
ದೊಡ್ಡಪತ್ರಿಗೆ "ಅಜವಾನ ಎಲೆ" ಅಂತಾರಲ್ಲ, ಅದೂ ಈ ಮನೆತನದ್ದೇನು?

ಸಸ್ಯಕೋಶ, ಧಾರವಾಡ
ಅಲ್ಲ. ದೊಡ್ಡಪತ್ರೆ ಕೋಲಿಯಸ್ ಆಂಬೊಯಿನಿಕಸ್, ತುಳಸಿಯ ಕುಟುಂಬದ್ದು. ವಾಸನೆ ಹತ್ತಿರ ಇರುವುದರಿಂದ ಆ ಹೆಸರು ಬಂದಿದೆ. ಅಜವಾನ ಕಾಳು ಬಿತ್ತಿದರೆ ದಪ್ಪ ಎಲೆಯ ದೊಡ್ಡಪತ್ರೆ ಹುಟ್ಟುವುದಿಲ್ಲ, ಕೊತ್ತಂಬರಿಗಿಂತ ಸಣ್ಣಗೆ ಸೀಳಿದ ಎಲೆಯ ಗಿಡ ಬರುತ್ತದೆ.

ಶತಪುಷ್ಪದ ಪ್ರಶ್ನೆ ಉಳಿದಿತ್ತು. ಹಳೆಯ ನಿಘಂಟುಗಳ ಟೀಕೆಗಳಲ್ಲಿ ಶತಪುಷ್ಪಾ, ಮಿಶಿ, ಮಿಶ್ರೇಯಾ, ಮಧುರಿಕಾ ಎಂಬ ಹೆಸರುಗಳು ಈ ಎರಡು ಗಿಡಗಳ ನಡುವೆ ಅದಲುಬದಲಾಗಿವೆ. ಈಗ ಭಾರತ ಸರಕಾರದ ಆಯುರ್ವೇದ ಔಷಧಕೋಶದ ಪ್ರಕಾರ ಶತಾಹ್ವಾ ಅಂದರೆ ಸಬ್ಬಸಿಗೆ ಕಾಳು, ಮಿಶ್ರೇಯಾ ಅಂದರೆ ಬಡೇಸೋಪು. ಶತಪುಷ್ಪಾ ಅನ್ನುವುದು ಶತಾಹ್ವಾಗೆ ಪರ್ಯಾಯ. ಆದರೂ ವೈದ್ಯರ ಚೀಟಿಯಲ್ಲಿ ಬರೀ ಶತಪುಷ್ಪಾ ಎಂದಿದ್ದರೆ ಸಬ್ಬಸಿಗೆಯೋ ಬಡೇಸೋಪೋ ಎಂದು ಅವರನ್ನೇ ಕೇಳಿ ಬರೆಸಿಕೊಳ್ಳುವುದು ಮೇಲು. ಅಂಗಡಿಯವರು ನಿರ್ಧರಿಸುವ ವಿಷಯ ಅದಲ್ಲ.

ಸೋಂಪು ಎಂಬ ಹೆಸರಿಗೆ ಇನ್ನೂ ಒಬ್ಬ ಹಕ್ಕುದಾರ ಇದ್ದಾನೆ: ಪಿಂಪಿನೆಲ್ಲಾ ಅನೈಸಮ್. ಅದರ ಕಾಳು ಸಣ್ಣದು, ಪಿಯರ್ ಹಣ್ಣಿನ ಆಕಾರ, ಮೈಮೇಲೆ ನವಿರು ಕೂದಲು. ವಾಸನೆ ಬಡೇಸೋಪಿನದೇ, ಯಾಕೆಂದರೆ ಅದರಲ್ಲಿಯೂ ಅನಿಥೋಲೇ ಇರುವುದು. ನಕ್ಷತ್ರದಾಕಾರದ ಚಕ್ರಮೊಗ್ಗಿಗೂ ಅದೇ ವಾಸನೆ, ಗಿಡ ಮಾತ್ರ ಪೂರ್ತಿ ಬೇರೆ ಕುಟುಂಬದ ಮರ.

ಕಿರಾಣಿ ಕಟ್ಟಿ, ಹುಬ್ಬಳ್ಳಿ
ವ್ಯಾಪಾರದಾಗ ಸೋಂಪು ಅಂದ್ರ ಬಡೇಸೋಪ ಕೊಡೂದು. ಬಡೇಸೋಪಿನ್ಯಾಗ ದಪ್ಪ, ಸಣ್ಣ ಅಂತ ಎರಡು ಮಾಲು ಐತಿ, ಗುಜರಾತ ರಾಜಸ್ಥಾನದಿಂದ ಬರತೈತಿ. ಊಟ ಆದ ಮ್ಯಾಲ ತಿನ್ನೂ ಸಣ್ಣ ಹಸರು ಸೋಪು ಬ್ಯಾರೆ ಗಿಡದ್ದಲ್ಲ. ಕಾಳು ಪೂರ್ತಿ ಬಲಿಯೂ ಮೊದಲ ಕೊಯ್ದು ನೆಳ್ಳಾಗ ಒಣಗಿಸಿರತಾರ. ಯಾರಾದ್ರೂ ಬಡೇಸೋಪ ಬಿತ್ತಾಕ ತಗೊಳ್ಳೂದಿದ್ರ ಅದು ಬ್ಯಾಡ, ಎಳೀ ಕಾಳಿಗೆ ಮೊಳಕಿ ಸರಿಯಾಗಿ ಬರಂಗಿಲ್ಲ. ದಪ್ಪ ಮಾಲು ತಗೋರಿ.

ಎರಿಹೊಲ, ನವಲಗುಂದ
ಈಗ ಬೆಳಿಯೂ ಮಾತು.

ಸಪ್ಟೆಂಬರ್ ಕಡೀ ವಾರದಿಂದ ನವೆಂಬರ್ ತನಕ ಹಾಕಿದ್ದು ಛಲೋ ತಪ್ಪಲಾ ಕೊಡತೈತಿ. ಫೆಬ್ರುವರಿ ದಾಟಿ ಹಾಕಿದ್ರ ಗೇಣುದ್ದ ಆಗೂದ್ರಾಗ ದಂಟು ಎದ್ದು ಹೂವಿಗೆ ಬರತೈತಿ. ಗೊಬ್ಬರ ಕಮ್ಮಿ ಆತು ಅಂತ ಯೂರಿಯಾ ಸುರದ್ರ ಉಪಯೋಗ ಇಲ್ಲ. ಈ ಗಿಡ ಹಗಲು ಉದ್ದ ಆದ್ರ ಹೂ ಬಿಡೂ ಜಾತಿ. ನಮ್ಮ ಕಡೆ ಡಿಸೆಂಬರಿನ್ಯಾಗ ಹಗಲು 11 ತಾಸಿನ ಮ್ಯಾಲ ಚೂರು, ಜೂನಿನ್ಯಾಗ 13 ತಾಸು. ಅದರ ಜೋಡಿ ಬಿಸಲೂ ಕೂಡಿದ್ರ ಮುಗೀತು. ಬ್ಯಾಸಗ್ಯಾಗ ಹಾಕಲೇಬೇಕಂದ್ರ ಎರಡು ವಾರಕ್ಕೊಂದು ಸಲ ಸ್ವಲ್ಪ ಸ್ವಲ್ಪ ಬಿತ್ತಿ, ಎಳೀದ ಕಿತ್ತು ತಿನ್ನಬೇಕು.

ಸಸಿ ಮಾಡಿ ಕಿತ್ತು ಹಚ್ಚೂದು ಬ್ಯಾಡ. ತಾಯಿಬೇರು ಕೆಳಗ ನೆಟ್ಟಗ ಹೋಗತೈತಿ, ಅದು ಹರದ್ರ ಗಿಡ ಬದುಕಿದ್ರೂ ತಪ್ಪಲಾ ಕೊಡಂಗಿಲ್ಲ, ಹೂವಿಗೆ ಬೀಳತೈತಿ. ಕುಂಡ ಒಂದು ಫೂಟರ ಆಳ ಇರಬೇಕು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಪೂರ್ತಿ ಕೊಳತ ತಿಪ್ಪಿಗೊಬ್ಬರ, ಒಂದು ಪಾಲು ಉಸುಕು. ಬರೇ ಎರಿಮಣ್ಣು ಕುಂಡದಾಗ ತುಂಬಬ್ಯಾಡ್ರಿ. ಹೊಲದಾಗ ಎರಿ ಛಲೋ, ಕುಂಡದಾಗ ನೀರು ಹಿಡದು ಬೇರು ಕೊಳಸತೈತಿ, ಒಣಗಿದ್ರ ಬಿರುಕು ಬಿಟ್ಟು ಬೇರು ಹರೀತೈತಿ.

ಕಾಳು ಹಿಂದಿನ ರಾತ್ರಿ ನೀರಾಗ ನೆನಸಿ, ಮುಂಜಾನೆ ಬಸದು, ನೆಳ್ಳಾಗ ಆರಿಸಿ ಉಸುಕಿನ್ಯಾಗ ಕಲಸ್ರಿ, ಉದುರೂ ಹಂಗ ಆಗತಾವ. ಬಣ್ಣ ಹಚ್ಚಿದ ಪಾಕೀಟಿನ ಬೀಜ ನೆನಸೂದು ಬ್ಯಾಡ, ಔಷಧ ತೊಳದು ಹೋಗತೈತಿ. ಒಂದು ಮೀಟರು ಅಗಲ, ಮೂರು ಮೀಟರು ಉದ್ದದ ಮಡಿಗೆ 10 ರಿಂದ 12 ಗ್ರಾಂ ಸಾಕು. ಸಾಲಿಂದ ಸಾಲಿಗೆ ಗೇಣು, ಆಳ ಒಂದು ಸೆಂಟಿಮೀಟರು. ಅದರಕಿಂತ ಆಳ ಹೋದ್ರ ಮೊಳಕಿ ಮ್ಯಾಲ ಬರಂಗಿಲ್ಲ. ಮ್ಯಾಲ ಮಣ್ಣು ಎಳೀಬ್ಯಾಡ್ರಿ, ಸಾಣಗಿ ಹಿಡದ ಗೊಬ್ಬರ ಉದರಸ್ರಿ. ಎರಿ ಮಣ್ಣು ಮಳಿ ಬಿದ್ದು ಒಣಗಿತಂದ್ರ ಹಪ್ಪಳಾಗಿ ಕುಂದರತೈತಿ, ಸಬ್ಬಸಗಿ ಮೊಳಕಿಗೆ ಅದನ್ನ ಒಡಿಯೂ ಶಕ್ತಿ ಇಲ್ಲ. ಅರ್ಧ ಮಡಿ ಹುಟ್ಟಿಲ್ಲ ಅನ್ನೂ ದೂರು ಹೆಚ್ಚಾಗಿ ಇದರದ್ದ, ಬೀಜದ್ದಲ್ಲ. ಹುಟ್ಟೂ ತನಕ ಗೋಣಿತಟ್ಟು ಹಾಸಿ ಮ್ಯಾಲ ನೀರು ಚಿಮುಕಿಸ್ರಿ. ಏಳನೇ ದಿನದಿಂದ ದಿನಾ ಎತ್ತಿ ನೋಡಿ, ಬಿಳೀ ಎಳಿ ಕಂಡ ದಿನಾನ ತಟ್ಟು ತಗೀರಿ. ತಡಾ ಮಾಡಿದ್ರ ಸಸಿ ಸೊರಗಿ ಬೀಳತಾವ. ಎರಡು ವಾರದಾಗ ಎಲ್ಲಾ ಹುಟ್ಟಬೇಕು.

ಇರುವಿ ಬೀಜ ಹೊರೂದು ಕಂಡ್ರ ಮಡಿ ಸುತ್ತ ಒಲಿ ಬೂದಿ ಹಾಕ್ರಿ.

ಹಾವೇರಿ ಹಿಂಗಾರಿ
ಹುಟ್ಟಿದ ಮ್ಯಾಲ ದಟ್ಟ ಆದದ್ದನ್ನ ಕಿತ್ತು ತೆಳು ಮಾಡ್ರಿ, ಕಿತ್ತದ್ದು ಹಂಗ ಚಟ್ನಿಗೆ ಬರತೈತಿ. 35 ರಿಂದ 45 ದಿನಕ್ಕ ಪೆಂಡಿ ಕಟ್ಟೂ ಎತ್ತರ ಬರತೈತಿ. ಸಂತಿಗಾದ್ರ ಬೇರು ಸುದ್ದಾ ಕೀಳತಾರ, ಮನಿಗಾದ್ರ ನಾಕು ಬೆರಳು ಬುಡ ಬಿಟ್ಟು ಕೊಯ್ರಿ, ಇನ್ನೊಂದು ಸಲ ಚಿಗರತೈತಿ. ಎರಡನೇ ಕೊಯ್ಲು ತೆಳು ಇರತೈತಿ, ಮೂರನೇದರ ಆಸೆ ಬ್ಯಾಡ.

ಥಂಡಿ ದಿನದಾಗ ಎಲಿ ಮ್ಯಾಲ ಬಿಳೀ ಪುಡಿ ಕೂಡ್ರತೈತಿ, ಬೂದಿರೋಗ. ಬೀಜದ ಬೆಳಿಗೆ ಗಂಧಕದ ಪುಡಿ ಹೊಡೀತಾರ. ತಿನ್ನೂ ತಪ್ಪಲಿಗೆ ಹೊಡಿಯೂದು ಸರಿ ಅಲ್ಲ. ರೋಗ ಬಂದ ಭಾಗ ಕೊಯ್ದು ಒಗದು, ಗಾಳಿ ಆಡೂ ಹಂಗ ತೆಳು ಮಾಡಿ, ನೀರು ಬುಡಕ್ಕ ಮುಂಜಾನೆ ಹಾಕಿದ್ರ ಹತೋಟಿಗೆ ಬರತೈತಿ. ಹೂಗೊಂಚಲಿನ್ಯಾಗ ಹೇನು ಮುತ್ತಿದ್ರ ಜೋರು ನೀರು ಹಾರಸ್ರಿ. ಹೂವಿದ್ದಾಗ ಕೀಟನಾಶಕ ಹೊಡದ್ರ ಜೇನು, ನೊಣ ಎಲ್ಲಾ ಸಾಯತಾವ, ಕಾಳು ಕಟ್ಟಂಗಿಲ್ಲ. ಈ ಹೂವಿನ್ಯಾಗ ಗಂಡಿನ ಭಾಗ ಮೊದಲು ಬಲಿತೈತಿ, ಹೆಣ್ಣಿನ ಭಾಗ ಆಮ್ಯಾಲ. ಒಂದು ಹೂವು ತಾನ ತನಗ ಪರಾಗ ಕೊಡೂದು ಕಷ್ಟ, ಹುಳಾನ ಬೇಕು.

ತಪ್ಪಲ ಪಲ್ಯ, ಗದಗ
ಅಡಿಗಿ ಮಾತು ಒಂದೆರಡು. ಸಬ್ಬಸಗಿ ವಾಸನಿ ಆವಿ ಜೋಡಿ ಹಾರಿ ಹೋಗತೈತಿ, ಕುಕ್ಕರಿನ್ಯಾಗ ಬ್ಯಾಳಿ ಜೋಡಿ ಸೀಟಿ ಹೊಡಸಿದ್ರ ಹುಲ್ಲು ತಿಂದಂಗ ಆಗತೈತಿ. 200 ಗ್ರಾಂ ಸೋಸಿದ ತಪ್ಪಲಕ್ಕ ಅರ್ಧ ಬಟ್ಟಲು ಹೆಸರಬ್ಯಾಳಿ, ಅರ್ಧ ತಾಸು ನೆನಸಿದ್ದು. ಒಗ್ಗರಣಿಗೆ ಜಜ್ಜಿದ ಬಳ್ಳೊಳ್ಳಿ ಎಂಟು ಎಸಳು, ಹಸಿಮೆಣಸಿನಕಾಯಿ ನಾಕು. ಬ್ಯಾಳಿ ಒಗ್ಗರಣ್ಯಾಗ ಮುಕ್ಕಾಲು ಬೆಂದ ಮ್ಯಾಲ, ಉಗುರಿಗೆ ಮುರಿಯೂ ಹದಕ್ಕ ಬಂದಾಗ ತಪ್ಪಲಾ ಹಾಕಿ ಐದಾರು ನಿಮಿಷ, ಸಾಕು. ಉಪ್ಪು ತಪ್ಪಲಾ ಬಾಡಿ ಕುಗ್ಗಿದ ಮ್ಯಾಲ. ಹಸೀ ರಾಶಿ ನೋಡಿ ಹಾಕಿದ್ರ ಉಪ್ಪುಪ್ಪು. ಎಳೀ ದಂಟು ಹೆಚ್ಚಿ ಹಾಕ್ರಿ, ಮುರದ್ರ ಟಕ್ ಅನ್ನಲಾರದ ದಂಟು ನಾರು ಬಿದ್ದದ್ದು, ತಗೀರಿ. ಬಡೇಸೋಪಿನ ಎಲಿ ಇದಕ್ಕ ಹಾಕಿದ್ರ ಪಲ್ಯ ಸಿಹಿ ಹೊಡೀತೈತಿ, ರೊಟ್ಟಿಗೆ ಹೊಂದಂಗಿಲ್ಲ.

ಇಡೂದಿದ್ರ ತೊಳೀಬ್ಯಾಡ್ರಿ. ಬೇರು ಸಮೇತ ಒಣಾ ಬಟ್ಟಿಯಾಗ ಸುತ್ತಿ ಫ್ರಿಜ್ಜಿನ್ಯಾಗ ಇಟ್ರ ಮೂರು ದಿನ ತಡೀತೈತಿ. ಒದ್ದೀದು ಇಟ್ರ ಎಲಿ ಕಪ್ಪಾಗಿ ಲೋಳಿ ಬಿಡತೈತಿ.

ಕುಂಡದ ತೋಟ, ಧಾರವಾಡ
"ಸೋಯಾ" ಪಾಕೀಟು ಬಿಚ್ಚಿ ಕಾಗದದ ಮ್ಯಾಲ ಹರವಿದೆ. ಚಪ್ಪಟೆ, ಅಂಚಿಗೆ ತಿಳೀ ರೆಕ್ಕಿ ಐತಿ, ಬಣ್ಣ ಹಚ್ಚಿಲ್ಲ. ಪಾಕೀಟಿನ ಮ್ಯಾಲ ತಾರೀಖು ಅಳಿಸಿ ಹೋಗೇತಿ. ಎಲ್ಲಾ ಬಿತ್ತಬೇಕೋ, ಮೊದಲ ಪರೀಕ್ಷೆ ಮಾಡಬೇಕೋ?

ಎರಿಹೊಲ, ನವಲಗುಂದ
ಪರೀಕ್ಷೆ ಮಾಡ್ರಿ. ಈ ಮನೆತನದ ಬೀಜ ಎರಡು ಮೂರು ವರ್ಷಕ್ಕ ಸೋತು ಹೋಗತಾವ. 20 ಕಾಳು ಒದ್ದಿ ಬಟ್ಟಿಯಾಗ ಸುತ್ತಿ, ಡಬ್ಬ್ಯಾಗ ಇಟ್ಟು, ದಿನಾ ಬಿಚ್ಚಿ ಗಾಳಿ ಆಡಸ್ರಿ. ಎರಡು ವಾರದಾಗ 14ರ ಮ್ಯಾಲ ಮೊಳಕಿ ಬಂದ್ರ ಹೇಳಿದ ಅಳತಿಗೆ ಬಿತ್ರಿ. 10ರ ಆಸುಪಾಸು ಬಂದ್ರ ಒಂದೂವರೆ ಪಟ್ಟು ಹಾಕ್ರಿ. ಐದಾರು ಬಂದ್ರ ಬ್ಯಾರೆ ಪಾಕೀಟು ತರ್ರಿ.

ಮುಂದಿನ ಸಲಕ್ಕ ನಿಮ್ಮದ ಬೀಜ ಮಾಡ್ಕೋರಿ. ನಾಕೈದು ಗಿಡ ಕೊಯ್ಯದ ಬಿಡ್ರಿ. ನಡುವಿನ ಗೊಂಚಲು ಮೊದಲ ಬಲಿತೈತಿ, ಮಗ್ಗಲದವು ಆಮ್ಯಾಲ. ಎಲ್ಲಾ ಒಣಗಲಿ ಅಂತ ಕಾದ್ರ ನಡುವಿನ ಛಲೋ ಕಾಳು ಉದರಿ ಹೋಗತೈತಿ. ಮೂರರಾಗ ಎರಡು ಪಾಲು ಕಂದು ಆದ ಗೊಂಚಲನ್ನ ಮುಂಜಾನೆ ಇಬ್ಬನಿ ಇದ್ದಾಗ ಕತ್ತರಿಸಿ, ತೆಳು ಬಟ್ಟಿ ಚೀಲದಾಗ ತಲಿಕೆಳಗ ಮಾಡಿ ನೆಳ್ಳಾಗ ತೂಗ ಹಾಕ್ರಿ. ವಾರ ಬಿಟ್ಟು ಬಡದು, ಕೇರಿ, ಗಾಜಿನ ಬಾಟಲ್ಯಾಗ ಹಾಕಿ ಮ್ಯಾಲ ಚೀಟಿ ಅಂಟಸ್ರಿ: ಸಬ್ಬಸಗಿ, ತಿಂಗಳು, ವರ್ಷ.